ಬಾಲೆ ಆಗ್ನೆಸ್

ಆಂಗ್ಲ ಕವಿ ಕೀಟ್ಸನು ೧೮೧೯ರಲ್ಲಿ ಆಗ್ನೆಸ್ ಸಂತಳ ಹಬ್ಬದ ಹಿಂದಿನ ರಾತ್ರಿಯನ್ನು ಕುರಿತು ಬರೆದ ಕಾವ್ಯವನ್ನು ಓದಿದವರು ನಮ್ಮ ಶ್ರೋತೃಗಳಲ್ಲಿ ಅನೇಕರಿರಬಹುದು. ಆ ರಾತ್ರಿ ಉಪವಾಸವಿದ್ದು ಮಲಗಿದ ಕನ್ಯೆಗೆ ಭಾವೀ ಪತಿಯು ಸ್ವಪ್ನದಲ್ಲಿ ಕಾಣುವನೆಂಬುದು ಇಂಗ್ಲೆಂಡಿನ ಹಳೆಯ ನಂಬಿಕೆ. ವಿವಾಹವನ್ನು ಒಲ್ಲೆನೆಂದು ಪ್ರಾಣ ತೆತ್ತವಳ ಹೆಸರಿನಲ್ಲಿ ವರನ ಕನಸು! ಜನಭಕ್ತಿಗೆ ಇಂಥ ಅಸಂಗತಿಗಳು ಬಾಧಕವಾಗುವುದಿಲ್ಲ.

ಆಗ್ನೆಸಳು ರೋಮ್ ನಗರದವಳು. ಚಕ್ರವರ್ತಿ ಡಯೋಕ್ಲೀಷಿಯನ್ನನು ಕ್ರಿ. ಶ. ೩೦೩ರಲ್ಲಿ ಆರಂಭಿಸಿದ ಕ್ರೈಸ್ತಪೀಡನೆಯಲ್ಲಿ, ೩೦೪ರ ಸುಮಾರಿಗೆ, ಮಡಿದಳೆಂದು ಸಂಪ್ರದಾಯ. ವಯಸ್ಸು ಹನ್ನೆರಡೆಂದು ಮಿಲಾನಿನ ಬಿಷಪ್ ಅಂಬ್ರೋಸನೂ ಹದಿಮೂರೆಂದು ಅಗಸ್ಟೀನನೂ ಹೇಳುತ್ತಾರೆ. ರೋಮನ್ ನ್ಯಾಯದಂತೆ ಹನ್ನೆರಡು ತುಂಬಿದ ಹುಡುಗಿ ವಿವಾಹಕ್ಕೆ ಅರ್ಹಳು. ಆದಕಾರಣ ಆಕೆಗೆ ವರನ ಮಾತು ಬಂದುದರಲ್ಲಿ ಆಶ್ಚರ್ಯವಿಲ್ಲ.

ಆಕೆಯ ಮರಣ ಹೇಗಾಯಿತೆಂಬಲ್ಲಿ ಮಾತ್ರ ಸಾಕ್ಷಿಗಳು ಒಬ್ಬರೊಡನೊಬ್ಬರು ಒಪ್ಪುವುದಿಲ್ಲ. ಸುಮಾರು ೩೭೭ರಲ್ಲಿ ಬರೆದ ಅಂಬ್ರೋಸನ ಪ್ರಕಾರ ಕತ್ತಿಯಿಂದ. ೩೬೬ರಿಂದ ೩೮೪ರವರೆಗೆ ರೋಮಿನ ಬಿಷಪ್ಪನಾಗಿದ್ದ ದಮಾಸಸನು ಅಮೃತಶಿಲೆಯ ಮೇಲೆ ಕೆತ್ತಿಸಿದ ಪದ್ಯದಲ್ಲಿ ಬೆಂಕಿಯ ಮಾತಿದೆ. ಬಾಲೆಯು ಬಿಚ್ಚಿದ ಕೂದಲಿನಿಂದಲೇ ಮೈಯನ್ನು ಮುಚ್ಚಿಕೊಂಡಳಂತೆ. ಈ ಶಿಲೆ ೧೭೨೮ರಲ್ಲಿ ಆಕೆಯ ದೇವಾಲಯದ ನೆಲಹಾಸಿನಲ್ಲಿ ದೊರೆಯಿತು. ಸುಮಾರು ೪೦೦ರ ಕವಿ ಪ್ರುಡೆಂಟಿಯಸನಾದರೋ ಆಕೆಯನ್ನು ವೇಶ್ಯಾಗೃಹಕ್ಕೆ ತಳ್ಳಿದುದನ್ನೂ, ಕೆಟ್ಟ ದೃಷ್ಟಿಯಿಂದ ನೋಡಿದ ಯುವಕನು ಕುರುಡಾದುದನ್ನೂ ಸೇರಿಸಿ, ಕೊನೆಗೆ ಶಿರಚ್ಛೇದವನ್ನು ವರ್ಣಿಸುತ್ತಾನೆ. ನೂರು ವರ್ಷ ಕಳೆಯುವುದರೊಳಗೆ ಕಥೆ ಇಷ್ಟು ಕವಲೊಡೆದಿದೆ.

ಹಾಗಾದರೆ ಎಲ್ಲವೂ ಕಟ್ಟುಕಥೆಯೆ? ನಮಗೆ ಹಾಗೆ ತೋರುವುದಿಲ್ಲ. ಇವರೆಲ್ಲರಿಗಿಂತ ಹಿಂದಿನದಾದ, ೩೫೪ರ ಒಂದು ರೋಮನ್ ಪಂಚಾಂಗದಲ್ಲಿ ಹುತಾತ್ಮರ ದಿನಗಳ ಪಟ್ಟಿಯಿದೆ. ಅದರಲ್ಲಿ ಜನವರಿ ೨೧ಕ್ಕೆ ಆಗ್ನೆಸಳ ಹೆಸರೂ, ಸ್ಥಳವಾಗಿ ನೊಮೆಂಟಾನಾ ಮಾರ್ಗವೂ ನಮೂದಾಗಿವೆ. ಅಲಂಕಾರವಿಲ್ಲ, ಪವಾಡವಿಲ್ಲ, ದಿನ, ಹೆಸರು, ಸಮಾಧಿಯ ದಾರಿ. ಮರಣಕ್ಕೂ ಈ ಬರಹಕ್ಕೂ ಐವತ್ತು ವರ್ಷಗಳ ಅಂತರ. ಬಾಲೆಯನ್ನು ಕಣ್ಣಾರೆ ಕಂಡ ವೃದ್ಧರು ಆಗಲೂ ಬದುಕಿದ್ದಿರಬೇಕು. ಮೇಲಾಗಿ, ಆಯುಧದಲ್ಲಿ ಭೇದಿಸುವ ಸಾಕ್ಷಿಗಳು ಎಳೆತನದಲ್ಲಿ ಒಮ್ಮತದವರು. ಆ ಸಣ್ಣ ಮಣಿಕಟ್ಟುಗಳಿಗೆ ಹೊಂದುವ ಬೇಡಿಯೇ ಇರಲಿಲ್ಲವೆಂದೂ, ನೆರೆದವರು ಅತ್ತರೂ ಆಕೆ ಅಳಲಿಲ್ಲವೆಂದೂ, ನಡುಗಿದವನು ಕೊಲೆಗಾರನೆಂದೂ ಅಂಬ್ರೋಸನು ಹೇಳುತ್ತಾನೆ. ಉಪದೇಶಕನ ವಾಕ್ಚಾತುರ್ಯ ಇದರಲ್ಲಿ ಇಲ್ಲದಿಲ್ಲ. ಆದರೂ ಆ ಸಡಿಲವಾದ ಬೇಡಿ ಮನಸ್ಸಿನಿಂದ ಜಾರುವುದಿಲ್ಲ.

ಸಮಾಧಿಯ ಬಳಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಮಗಳು ಕಾನ್‌ಸ್ಟಂಟೀನಾ ದೇವಾಲಯವನ್ನು ಕಟ್ಟಿಸಿದಳು. ಈಗ ಅಲ್ಲಿರುವುದು ಏಳನೆಯ ಶತಮಾನದಲ್ಲಿ ಪೋಪ್ ಹೊನೋರಿಯಸನು ಕಟ್ಟಿಸಿದುದು. ಅದರ ಗರ್ಭಭಿತ್ತಿಯ ಬಣ್ಣಗಲ್ಲಿನ ಚಿತ್ರದಲ್ಲಿ ಆಗ್ನೆಸಳ ಪಾದದ ಬಳಿ ಕತ್ತಿಯೂ ಇದೆ, ಜ್ವಾಲೆಯೂ ಇದೆ. ಶಿಲ್ಪಿಯು ಎರಡು ಸಂಪ್ರದಾಯಗಳನ್ನೂ ಬಿಡಲಿಲ್ಲ! ಆದರೆ ರತ್ನಖಚಿತವಾದ ವಸ್ತ್ರವನ್ನು ತೊಟ್ಟು ಸಾಮ್ರಾಜ್ಞಿಯಂತೆ ನಿಂತ ಈಕೆಯಲ್ಲಿ ಹನ್ನೆರಡು ವರ್ಷದ ಹುಡುಗಿಯನ್ನು ನಾವು ಕಾಣಲಾರೆವು.

ಆ ಎಳೆತನವನ್ನು ಉಳಿಸಿದುದು ಆಕೆಯ ಹೆಸರು. ಗ್ರೀಕಿನಲ್ಲಿ ಅದಕ್ಕೆ ಪರಿಶುದ್ಧೆ ಎಂದರ್ಥ. ಲ್ಯಾಟಿನ್ ಕಿವಿಗಾದರೋ ಅದು ಕುರಿಮರಿ ಎಂದೇ ಕೇಳಿಸಿತು. ರವೆನ್ನಾ ಪಟ್ಟಣದ ಆರನೆಯ ಶತಮಾನದ ಚಿತ್ರದಲ್ಲಿಯೇ ಆಕೆಯ ಪಕ್ಕದಲ್ಲಿ ಮರಿಯೊಂದಿದೆ. ಪ್ರತಿ ಜನವರಿ ೨೧ರಂದು ಆಕೆಯ ದೇವಾಲಯದಲ್ಲಿ ಎರಡು ಕುರಿಮರಿಗಳನ್ನು ಹರಸುವರು. ಅವುಗಳ ಉಣ್ಣೆಯನ್ನು ಬಳಸಿ ನೇಯ್ದ ಬಿಳಿಯ ಪಟ್ಟಿಗಳನ್ನು ಜೂನ್ ೨೯ರಂದು ಪೋಪರು ಹರಸಲು, ಹೊಸ ಆರ್ಚ್‌ಬಿಷಪ್ಪರು ಅವನ್ನು ಹೆಗಲ ಮೇಲೆ ಧರಿಸುತ್ತಾರೆ.