ಸರಪಳಿ ತೊಟ್ಟ ಪುಸ್ತಕಗಳು: ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹಂಫ್ರಿ ಎಂಬ ರಾಜಕುಮಾರನು ದಾನವಿತ್ತ ಹಸ್ತಪ್ರತಿಗಳಿಗೆಂದು ಕಟ್ಟಿ 1488ರಲ್ಲಿ ತೆರೆದ ಗ್ರಂಥಾಲಯವು, 16ನೇ ಶತಮಾನದ ಮಧ್ಯಭಾಗದಲ್ಲಿ ಕ್ರೈಸ್ತ ಧರ್ಮಸುಧಾರಣೆಯ ಆವೇಶಕ್ಕೆ ಸಿಕ್ಕಿ, ಪುಸ್ತಕಗಳಷ್ಟೇ ಅಲ್ಲದೆ ಮೇಜು ಕಪಾಟುಗಳನ್ನೂ ಕಳೆದುಕೊಂಡು ಬರಿದಾಗಿತ್ತು. ನಿವೃತ್ತ ರಾಜತಾಂತ್ರಿಕ ಥಾಮಸ್ ಬಾಡ್ಲಿ ಸ್ವಂತ ಹಣದಿಂದ ಅದನ್ನು ಜೀರ್ಣೋದ್ಧಾರ ಮಾಡಿಸಿ 1602ರಲ್ಲಿ ಮತ್ತೆ ತೆರೆದನು.

ದೊಡ್ಡ ಗ್ರಂಥಗಳನ್ನು ಆಗ ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು. ಸರಪಳಿಯ ಕೊಂಡಿಯು ರಟ್ಟಿನ ಹೊರಅಂಚಿಗೆ ಇರುತ್ತಿದ್ದುದರಿಂದ ಪುಸ್ತಕದ ಬೆನ್ನು ಒಳಕ್ಕೂ ಹಾಳೆಗಳ ಅಂಚು ಹೊರಕ್ಕೂ ಬರುವಂತೆ ಜೋಡಿಸಬೇಕಾಗುತ್ತಿತ್ತು, ಸರಪಳಿಯಿಂದಾಗಿ ಓದುಗನು ಅಲ್ಲಿಯೇ ಕುಳಿತು ಓದದೆ ಬೇರೆ ದಾರಿಯಿರಲಿಲ್ಲ. ಎರವಲು ನೀಡದ ನಿಯಮವು ಎಷ್ಟು ಕಟ್ಟುನಿಟ್ಟಾಗಿತ್ತೆಂದರೆ, 1645ರಲ್ಲಿ ದೊರೆ ಒಂದನೇ ಚಾರ್ಲ್ಸ್ ಕೇಳಿದಾಗಲೂ ಪುಸ್ತಕ ಹೊರಹೋಗಲಿಲ್ಲ. ಗ್ರಂಥಾಲಯದೊಳಗೆ ಬೆಂಕಿ ತರುವುದಿಲ್ಲ, ಹೊತ್ತಿಸುವುದಿಲ್ಲ ಎಂದು ಓದುಗರು ಮಾಡುವ ಪ್ರತಿಜ್ಞೆ ಇಂದಿಗೂ ಉಳಿದಿದೆ.

ಲಂಡನ್ನಿನ ಮುದ್ರಕರು ಮತ್ತು ಪುಸ್ತಕ ವ್ಯಾಪಾರಿಗಳ ಸಂಘವಾದ ಸ್ಟೇಷನರ್ಸ್ ಕಂಪನಿಯೊಡನೆ 1610ರಲ್ಲಿ ಆದ ಒಪ್ಪಂದದಂತೆ, ಸಂಘದಲ್ಲಿ ನೋಂದಣಿಯಾದ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ಇಲ್ಲಿಗೆ ಸಲ್ಲತೊಡಗಿತು. ಪ್ರಕಾಶಕರು ತಮ್ಮ ಪ್ರಕಟಣೆಯನ್ನು ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಉಚಿತವಾಗಿ ಕೊಡಬೇಕೆಂಬ ಇಂದಿನ ಕಾನೂನಿಗೆ ಇದು ಮುನ್ಸೂಚನೆಯಂತಿತ್ತು. ನಾಟಕಗಳ ಅಚ್ಚುಪ್ರತಿಗಳನ್ನು ಕಂಡರೆ ಮಾತ್ರ ಬಾಡ್ಲಿಗೆ ತಾತ್ಸಾರ. ಅವನ ಮರಣದ ನಂತರ, 1623ರಲ್ಲಿ ಬಂದ ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಪುಟವನ್ನೂ ಗ್ರಂಥಾಲಯವು ಅದೇ ಶತಮಾನದಲ್ಲಿ ಕೈಬಿಟ್ಟು, 1906ರಲ್ಲಿ ಸಾರ್ವಜನಿಕರಿಂದ ವಂತಿಗೆ ಎತ್ತಿ, 3,000 ಪೌಂಡ್ ತೆತ್ತು ಅದೇ ಪ್ರತಿಯನ್ನು ಮರಳಿ ಕೊಂಡಿತು.