ಹಳೆಯ ಗಾಡಿಯ ಮೂಲಪಾಠ

(ಬಾನುಲಿ ಭಾಷಣ)

ಹಳೆಯದನ್ನು ಕಾಪಾಡಿಕೊಳ್ಳಬೇಕೆಂಬ ಹಂಬಲ ನಮ್ಮಲ್ಲಿ ಸಾಮಾನ್ಯವಾಗಿ ಶಾಸನ, ದೇವಾಲಯ, ತಾಳೆಗರಿಗಳ ಮಟ್ಟಿಗೆ ನಿಂತುಬಿಡುತ್ತದೆ. ಹಾಸನ ಜಿಲ್ಲೆಯವರಾದ ನಮಗಂತೂ ಇದು ಸಹಜವೇ. ಬೇಲೂರು ಹಳೇಬೀಡುಗಳ ಶಿಲ್ಪ, ಹಲ್ಮಿಡಿಯಲ್ಲಿ ದೊರೆತ ಶಾಸನ, ಸಕಲೇಶಪುರದ ಬಳಿಯ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆ, ಇಷ್ಟೆಲ್ಲ ಇರುವಾಗ ತುಕ್ಕು ಹಿಡಿದ ಒಂದು ಮೋಟಾರ್ ಸೈಕಲ್ಲನ್ನು ಪರಂಪರೆಯ ವಸ್ತುವೆಂದು ಯಾರು ಎಣಿಸಿಯಾರು? ಆದರೂ ಸಕಲೇಶಪುರ ಮತ್ತು ಆಲೂರು ಸೀಮೆಯ ಕಾಫಿ ತೋಟಗಳ ಗೋದಾಮುಗಳಲ್ಲಿ, ಗೊಬ್ಬರದ ಚೀಲಗಳ ಮತ್ತು ಕೆಟ್ಟುಹೋದ ಪಲ್ಪರುಗಳ ಹಿಂದೆ, ಇಂತಹ ಗಾಡಿಗಳು ಇಂದಿಗೂ ಒರಗಿ ನಿಂತಿರುವುದುಂಟು. ಅವುಗಳಲ್ಲಿ ಕೆಲವು ಒಂದು ಕಾಲಕ್ಕೆ ಕೆಸರಿನ ಪಂದ್ಯಗಳಲ್ಲಿ ಓಡಿದಂಥವು. ಅವನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಕೆಲಸ ಎಂಥದು, ಅದರ ಬಿಡಿಭಾಗಗಳನ್ನು ಹುಡುಕುವ ಬಗೆ ಹೇಗೆ, ಆ ಕೆಲಸದಲ್ಲಿ ಏಳುವ ಧರ್ಮಸಂಕಟ ಯಾವುದು ಎಂಬುದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ಆಟದ ವಿಚಾರ. ಏರುತಗ್ಗಿನ ಮಣ್ಣಿನ ನೆಲದಲ್ಲಿ ಮೋಟಾರ್ ಸೈಕಲ್ಲುಗಳನ್ನು ಓಡಿಸುವ ಪಂದ್ಯ 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನಡೆದದ್ದು ಮೊದಲನೆಯದೆಂದು ಹೇಳುತ್ತಾರೆ. ಅಲ್ಲಿ ಅದಕ್ಕೆ ಸ್ಕ್ರ್ಯಾಂಬಲ್ ಎಂಬ ಹೆಸರಿತ್ತು. ಮುಂದೆ ಯೂರೋಪಿನ ಇತರ ದೇಶಗಳಿಗೆ ಹರಡಿದಾಗ ಮೋಟೋಕ್ರಾಸ್ ಎಂಬ ಹೆಸರು ನಿಂತಿತು. 1960ರ ದಶಕದಲ್ಲಿ ಈ ಆಟದಲ್ಲಿ ಮೆರೆದದ್ದು ಚೆಕೊಸ್ಲೊವಾಕಿಯದ ಸ್ಟ್ರಕೊನಿಟ್ಸೆ ಊರಿನ ಸಿ.ಝಡ್. ಗಾಡಿ. ಬೆಲ್ಜಿಯಮ್ಮಿನ ಜೋಯೆಲ್ ರೋಬೇರ್ 1964ರಲ್ಲಿ 250 ಸಿ.ಸಿ. ವರ್ಗದಲ್ಲಿಯೂ, ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ ಸತತವಾಗಿ ಮೂರು ವರ್ಷ 500 ಸಿ.ಸಿ. ವರ್ಗದಲ್ಲಿಯೂ ವಿಶ್ವವಿಜೇತರಾದದ್ದು ಈ ಗಾಡಿಯ ಮೇಲೆಯೇ. ಎರಡು ಸ್ಟ್ರೋಕಿನ ಎಂಜಿನ್ ಹಗುರವಾದದ್ದು, ಅದರಲ್ಲಿ ಕವಾಟಗಳ ಗೋಜಿಲ್ಲ, ಕೆಟ್ಟರೆ ಬಯಲಿನಲ್ಲಿಯೇ ಬಿಚ್ಚಿ ಜೋಡಿಸಬಹುದು. ಅದರ ಗೆಲುವಿನ ಗುಟ್ಟು ಇದು.

ಸಿ.ಝಡ್.ನ ಒಡಹುಟ್ಟಿನಂತಿದ್ದ ಜಾವಾ ಗಾಡಿ ನಮ್ಮ ಮೈಸೂರಿಗೆ ಬಂದ ಕಥೆ ಅನೇಕರಿಗೆ ಗೊತ್ತಿದೆ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. 1970ರ ದಶಕದಲ್ಲಿ ಅದರ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈ ಮೂವತ್ತೈದು ವರ್ಷಗಳಲ್ಲಿ ಅದು ಮಲೆನಾಡಿನ ಜನಜೀವನದೊಳಗೆ ಹೊಕ್ಕ ಬಗೆ ವಿಶೇಷವಾದದ್ದು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ, ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವ ಗೇರ್ ಲಿವರ್, ಏರು ಹತ್ತುವಾಗ ಗುಡ್ಡದಿಂದ ಗುಡ್ಡಕ್ಕೆ ಕೇಳಿಸುವ ಅದರ ಸದ್ದು, ಇವನ್ನು ಆ ಕಾಲದವರು ಮರೆತಿಲ್ಲ. ಹೆತ್ತೂರು, ಯಸಳೂರು, ಕೆಂಚಮ್ಮನ ಹೊಸಕೋಟೆಗಳ ಕಡೆಯಲ್ಲಿ ತೋಟದ ರೈಟರು ಬರುತ್ತಿದ್ದಾರೆಂಬುದನ್ನು ಲೈನ್ ಮನೆಯವರು ಗಾಡಿ ಕಾಣುವುದಕ್ಕೆ ಮೊದಲೇ ಸದ್ದಿನಿಂದ ತಿಳಿಯುತ್ತಿದ್ದರು.

ಮೋಟೋಕ್ರಾಸಿಗೆಂದೇ ತಯಾರಾದ ಗಾಡಿ ಆ ದಿನಗಳಲ್ಲಿ ನಮ್ಮವರ ಕೈಗೆ ಎಟುಕುತ್ತಿರಲಿಲ್ಲ. ಆಮದಿನ ನಿರ್ಬಂಧಗಳು ಬಿಗಿಯಾಗಿದ್ದ ಕಾಲವದು. ಆದುದರಿಂದ ಆಟದ ಹುಚ್ಚು ಹಿಡಿದ ತರುಣರು ರಸ್ತೆಯ ಯೆಜ್ಡಿಯನ್ನೇ ತಿದ್ದಿಕೊಂಡರು. ದೀಪವನ್ನು ಕಳಚುವುದು, ಕೆಸರು ಸಿಕ್ಕಿಕೊಳ್ಳದಂತೆ ಮುಂದಿನ ಮಡ್‌ಗಾರ್ಡನ್ನು ಮೇಲೆತ್ತುವುದು, ಭಾರವಾದ ಸೈಲೆನ್ಸರುಗಳನ್ನು ಕತ್ತರಿಸಿ ಬೇರೆ ಕೊಳವೆ ಕೂರಿಸುವುದು, ಸರಪಳಿಯ ಮುಚ್ಚಳವನ್ನು ತೆಗೆದು ಹಿಂದೆ ದೊಡ್ಡ ಹಲ್ಲುಚಕ್ರ ಹಾಕುವುದು, ಚೌಕಟ್ಟು ಮುರಿಯದಂತೆ ಅಲ್ಲಲ್ಲಿ ಕಬ್ಬಿಣದ ಪಟ್ಟಿ ಬೆಸೆಯುವುದು, ಇವು ಸಾಮಾನ್ಯ ತಿದ್ದುಪಡಿಗಳು. ಇಂತಹ ಮಣ್ಣಿನ ಪಂದ್ಯಗಳ ಪರಂಪರೆಯಿಂದಲೇ ಮುಂದೆ ನಮ್ಮ ನಾಡಿನ ಸಿ.ಎಸ್. ಸಂತೋಷ್ ಅವರಂಥ ಸವಾರರು ಬಂದರು. 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರು ಅವರು.

ಇನ್ನು ದುರಸ್ತಿಯ ಮಾತು. ಮಲೆನಾಡಿನ ಮಳೆಗಾಲವನ್ನು ಹತ್ತಾರು ಸಲ ಕಂಡ ಗಾಡಿಯಲ್ಲಿ ಮೊದಲು ಎದುರಾಗುವುದು ತುಕ್ಕು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿರುತ್ತದೆ. ಸುತ್ತಿಗೆ ಹಿಡಿದವನು ಇಲ್ಲಿಯೇ ಕೆಡುತ್ತಾನೆ. ಮೇಲಿನಿಂದ ಡೀಸೆಲ್ ಮತ್ತು ತುಕ್ಕು ಬಿಡಿಸುವ ಎಣ್ಣೆ ಸುರಿದು ದಿನಗಟ್ಟಲೆ ಕಾಯಬೇಕು. ಬೇರಿಂಗುಗಳನ್ನು ತೆಗೆಯುವಾಗಲೂ ಹೊಡೆತಕ್ಕಿಂತ ಶಾಖ ಮೇಲು. ಎಂಜಿನ್ನಿನ ಕವಚ ಅಲ್ಯುಮಿನಿಯಮ್ಮಿನದು, ಬೇರಿಂಗ್ ಉಕ್ಕಿನದು; ಬಿಸಿ ಮಾಡಿದರೆ ಅಲ್ಯುಮಿನಿಯಮ್ ಹೆಚ್ಚು ಹಿಗ್ಗುವುದರಿಂದ ಬೇರಿಂಗ್ ತಾನಾಗಿ ಸಡಿಲವಾಗುತ್ತದೆ.

ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕಣ್ಣಿಗೆ ಬೀಳದ, ಆದರೆ ಪ್ರಾಣದಂತಿರುವ ಒಂದು ವಸ್ತು ಕ್ರ್ಯಾಂಕಿನ ಆಯಿಲ್ ಸೀಲ್. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕಿನ ಕೋಣೆಗೆ ಬಂದು, ಅಲ್ಲಿ ಒತ್ತಿಸಿಕೊಂಡು, ಆಮೇಲೆ ಸಿಲಿಂಡರಿಗೆ ಏರುತ್ತದೆ. ವರ್ಷಾನುಗಟ್ಟಲೆ ನಿಂತ ಗಾಡಿಯಲ್ಲಿ ಸೀಲಿನ ರಬ್ಬರು ಒಣಗಿ ಬಿರಿದಿರುತ್ತದೆ. ಆಗ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಮಿತಿಮೀರಿ ಕಾದು ಪಿಸ್ಟನ್ ಮತ್ತೆ ಕಚ್ಚಿಕೊಳ್ಳುತ್ತದೆ. ಕ್ಲಚ್ಚಿನ ಕಡೆಯ ಸೀಲ್ ಕೆಟ್ಟರೆ ಗೇರ್ ಎಣ್ಣೆ ಒಳಸೇರಿ ಗಾಡಿ ಹೊಗೆ ಉಗುಳುತ್ತದೆ. ಹೊಳೆಯುವ ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿದು, ಸ್ವಲ್ಪ ಹಣಕ್ಕೆ ಸಿಗುವ ಈ ಸೀಲನ್ನು ಹಳೆಯದೇ ಬಿಟ್ಟವರ ಶ್ರಮವೆಲ್ಲ ವ್ಯರ್ಥ. ಇನ್ನೊಂದು ಎಚ್ಚರಿಕೆ ಇಂದಿನ ಪೆಟ್ರೋಲಿನದು. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಅದು ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ. ನಮ್ಮ ಸೀಮೆಯ ತೇವದಲ್ಲಿ ಗಾಡಿ ನಿಲ್ಲಿಸುವವರು ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಯೇ ನಿಲ್ಲಿಸಬೇಕು.

ಬಿಡಿಭಾಗಗಳನ್ನು ಹುಡುಕುವುದೇ ಈ ಕೆಲಸದ ಮುಕ್ಕಾಲು ಪಾಲು. ಅನುಭವಸ್ಥರು ಹುಡುಕಲು ಹೊರಡುವ ಮುನ್ನ ಬೇಕಾದುದನ್ನೆಲ್ಲ ಮೂರು ಪಟ್ಟಿಗಳಾಗಿ ಬರೆದುಕೊಳ್ಳುತ್ತಾರೆ. ಮೊದಲ ಪಟ್ಟಿ ಜಗತ್ತಿಗೆಲ್ಲ ಸಮಾನವಾದ ವಸ್ತುಗಳದು. ಬೇರಿಂಗಿನ ಅಂಚಿನಲ್ಲಿ ಒಂದು ಸಂಖ್ಯೆ ಇರುತ್ತದೆ. 6204 ಎಂದಿದ್ದರೆ ಒಳವ್ಯಾಸ 20 ಮಿಲಿಮೀಟರ್, ಹೊರವ್ಯಾಸ 47, ದಪ್ಪ 14. ಯಾವ ದೇಶದ ಯಾವ ಕಂಪನಿಯದಾದರೂ ಅಳತೆ ಅದೇ. ಆಯಿಲ್ ಸೀಲನ್ನೂ ಹೀಗೆಯೇ ಅಳತೆಯಿಂದ ಕೇಳಬಹುದು. ಅಂಗಡಿಯವನಿಗೆ ಯೆಜ್ಡಿಯ ಹೆಸರನ್ನು ಹೇಳಿದರೆ ಇಲ್ಲವೆನ್ನುತ್ತಾನೆ, ಸಂಖ್ಯೆಯನ್ನು ಹೇಳಿದರೆ ಒಳಗಿನಿಂದ ತಂದು ಕೊಡುತ್ತಾನೆ.

ಎರಡನೆಯ ಪಟ್ಟಿ ತಿದ್ದಿ ಹೊಂದಿಸಬಹುದಾದವುಗಳದು. ಈ ಎಂಜಿನ್ನಿನ ಸಿಲಿಂಡರಿನ ಮೂಲ ಅಳತೆ 65 ಮಿಲಿಮೀಟರ್. ಸವೆದಾಗ ಅದನ್ನು ಸ್ವಲ್ಪವೇ ಕೊರೆಸಿ ಅದಕ್ಕೆ ತಕ್ಕ ಹೆಚ್ಚುವರಿ ಅಳತೆಯ ಪಿಸ್ಟನ್ನನ್ನು ಹಾಕುತ್ತಾರೆ. ಪಿಸ್ಟನ್ ಕೈಗೆ ಬಂದಮೇಲೆ ಕೊರೆಸಬೇಕೇ ಹೊರತು ಕೊರೆಸಿ ಪಿಸ್ಟನ್ ಹುಡುಕಬಾರದೆಂಬುದು ಬಲ್ಲವರ ಮಾತು. ಬುಷ್, ಪಿನ್ನುಗಳನ್ನು ಲೇತಿನಲ್ಲಿ ಕಡೆಸಿಕೊಳ್ಳಬಹುದು. ಪಲ್ಪರ್ ರಿಪೇರಿಯಲ್ಲಿ ಕೈ ಪಳಗಿದ ನಮ್ಮ ಕಡೆಯ ಲೇತ್ ಕೆಲಸಗಾರರಿಗೆ ಇದು ಕಷ್ಟದ್ದಲ್ಲ.

ಮೂರನೆಯ ಪಟ್ಟಿ ಆ ಗಾಡಿಗಲ್ಲದೆ ಮತ್ತೊಂದಕ್ಕೆ ಹೊಂದದ ವಸ್ತುಗಳದು: ಎಂಜಿನ್ನಿನ ಕವಚ, ಕ್ರ್ಯಾಂಕು, ಗೇರುಗಳು, ಜಿಕೋವ್ ಕಾರ್ಬುರೇಟರಿನ ಅಂಗಗಳು. ಇವಕ್ಕಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿಯನ್ನು ಸುತ್ತಬೇಕು, ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳ ಅಟ್ಟವನ್ನು ಕೇಳಬೇಕು, ಮೈಸೂರಿನ ಹಿರಿಯ ಮೆಕ್ಯಾನಿಕರನ್ನು ಕಾಣಬೇಕು, ಜಾವಾ ಯೆಜ್ಡಿ ಸಂಘಗಳವರ ಸ್ನೇಹ ಬೆಳೆಸಬೇಕು. ಜುಲೈ ತಿಂಗಳ ಎರಡನೆಯ ಭಾನುವಾರ ಆಚರಿಸುವ ಜಾವಾ ದಿನದಂದು ಇವರೆಲ್ಲ ಒಂದೆಡೆ ಸೇರುವುದುಂಟು. ನಿಜವಾದ ಸಿ.ಝಡ್. ಮೋಟೋಕ್ರಾಸ್ ಗಾಡಿಯಾದರೆ ಯೂರೋಪಿನಲ್ಲಿ ಅದರ ಅಂಗಗಳನ್ನು ಮತ್ತೆ ತಯಾರಿಸುವವರಿದ್ದಾರೆ, ಸುಂಕ ತೆತ್ತು ತರಿಸಬೇಕು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದುವಾದರೂ ಅವು ನಾಲ್ಕು ಸ್ಟ್ರೋಕಿನವು. ಹಳೆಯ ಎಂಜಿನ್ನಿಗೆ ಅವುಗಳಿಂದ ಉಪಕಾರವಿಲ್ಲ.

ಇಷ್ಟರವರೆಗಿನದು ಶ್ರಮದ, ಹಣದ ಪ್ರಶ್ನೆ. ಇದಕ್ಕಿಂತ ಕಠಿಣವಾದದ್ದು ಮತ್ತೊಂದಿದೆ. ಗಾಡಿಯನ್ನು ಯಾವ ರೂಪಕ್ಕೆ ಮರಳಿಸಬೇಕು? ಕಾರ್ಖಾನೆಯಿಂದ ಹೊರಬಂದ ರೂಪಕ್ಕೋ, ಪಂದ್ಯದಲ್ಲಿ ಓಡಿದ ರೂಪಕ್ಕೋ?

ಕನ್ನಡದ ಅಧ್ಯಾಪಕನಾಗಿದ್ದ ನನಗೆ ಇದು ಪರಿಚಿತವಾದ ಪ್ರಶ್ನೆಯಾಗಿ ತೋರುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ತಾಳೆಗರಿಯ ಪ್ರತಿಯಲ್ಲಿ ಗರಿ ಲುಪ್ತವಾಗಿದ್ದರೆ ಸಂಪಾದಕನು ತನ್ನ ಕಲ್ಪನೆಯಿಂದ ತುಂಬಿ ಅದನ್ನು ಕವಿಯ ಮಾತೆಂದು ಹೇಳಕೂಡದು. ಊಹಿಸಿದ್ದಾದರೆ ಊಹೆಯೆಂಬ ಗುರುತನ್ನು ಇಡಬೇಕು. ಹಳೆಯ ಗಾಡಿಯಲ್ಲಿಯೂ ಹಾಗೆಯೇ. ಚೌಕಟ್ಟಿನ ಮತ್ತು ಎಂಜಿನ್ನಿನ ಸಂಖ್ಯೆಗಳು ಮೂಲದ ಸಾಕ್ಷ್ಯ. ಅವನ್ನು ಉಜ್ಜಿ ಅಳಿಸುವುದು, ಬೇರೆ ಸಂಖ್ಯೆಯನ್ನು ಕೊರೆಯುವುದು ಅಪರಾಧವೂ ಹೌದು, ಸುಳ್ಳು ಪಾಠವೂ ಹೌದು. ಆದರೆ ಪಂದ್ಯದ ಗಾಡಿಯ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಇಲ್ಲಿ ಪ್ರಕ್ಷಿಪ್ತವೇ ಇತಿಹಾಸ. ಬೆಸೆದ ಪಟ್ಟಿ, ಕತ್ತರಿಸಿದ ಕೊಳವೆ, ದೊಡ್ಡ ಹಲ್ಲುಚಕ್ರಗಳನ್ನು ಅಶುದ್ಧವೆಂದು ತೆಗೆದು ಹಾಕಿದರೆ ಉಳಿಯುವುದು ಒಂದು ಸಾಮಾನ್ಯ ಯೆಜ್ಡಿ ಮಾತ್ರ.

ಆಲೂರಿನ ಕಡೆಯ ಒಂದು ತೋಟದ ಮನೆಯಲ್ಲಿ ಈ ಪ್ರಶ್ನೆ ನನ್ನ ಕಣ್ಣೆದುರಿಗೇ ಎದ್ದಿತು. ಚಿಕ್ಕಪ್ಪ ಪಂದ್ಯಗಳಲ್ಲಿ ಓಡಿಸಿದ್ದ ಗಾಡಿಯನ್ನು, ಅವರು ತೀರಿಕೊಂಡ ಎಷ್ಟೋ ವರ್ಷಗಳಾದ ಮೇಲೆ, ಅಣ್ಣನ ಮಗ ದುರಸ್ತಿಗೆ ತೆಗೆದಿದ್ದ. ಟ್ಯಾಂಕಿನ ಬಲಗಡೆಯ ತಗ್ಗನ್ನು ಎತ್ತಿಸಿ, ಕ್ರೋಮ್ ಮಾಡಿಸಿ, ಮೆರೂನ್ ಬಣ್ಣ ಬಳಿಸಿ ಹೊಸದರಂತೆ ಮಾಡಬೇಕೆಂಬುದು ಅವನ ಆಸೆ. ಹಾಸನದಿಂದ ಬಂದಿದ್ದ, ಎಪ್ಪತ್ತು ದಾಟಿದ ಮೆಕ್ಯಾನಿಕರು ಮಾತಾಡದೆ ಎಂಜಿನ್ ಬಿಚ್ಚುತ್ತಿದ್ದರು. ಬಾಗಿಲ ಬಳಿ ಕುಳಿತಿದ್ದ ಅಜ್ಜಿ ಅಂದದ್ದು ಇಷ್ಟೇ: “ಆ ತಗ್ಗು ಹಂಗೇ ಇರ್ಲಿ ಮಗ. ಅವ್ನು ಬಿದ್ದ ಗುರ್ತು ಅದು.” ಮೆಕ್ಯಾನಿಕರು ತಲೆಯೆತ್ತಿ, “ಅಮ್ಮಾವ್ರು ಹೇಳಿದ್ದೇ ಸರಿ. ಒಳಗಿಂದೆಲ್ಲ ಹೊಸದು ಮಾಡಾಣ, ಹೊರಗಿಂದು ಅವರದೇ ಇರ್ಲಿ” ಎಂದರು. ತರುಣನಿಗೆ ಮೊದಲು ಅಷ್ಟು ಒಪ್ಪಿಗೆಯಾಗಲಿಲ್ಲ. ಕೊನೆಗೆ ಟ್ಯಾಂಕಿನ ಒಳಗಿನ ತುಕ್ಕನ್ನು ತೆಗೆಸಿ, ತೂತುಗಳನ್ನು ಮುಚ್ಚಿಸಿ, ತಗ್ಗನ್ನು ಹಾಗೆಯೇ ಬಿಟ್ಟ. ಸೀಲ್, ಬೇರಿಂಗ್, ಪಿಸ್ಟನ್ನುಗಳಲ್ಲಿ ಮಾತ್ರ ಯಾವ ರಾಜಿಯನ್ನೂ ಮಾಡಿಕೊಳ್ಳಲಿಲ್ಲ. ಓಡುವುದಕ್ಕೆ ಬೇಕಾದದ್ದು ಹೊಸದಾಗಲಿ, ನೆನಪಿಗೆ ಬೇಕಾದದ್ದು ಹಳೆಯದಾಗಿಯೇ ಇರಲಿ ಎಂಬ ಈ ವಿವೇಕ ಎಲ್ಲ ಜೀರ್ಣೋದ್ಧಾರಕ್ಕೂ ಅನ್ವಯಿಸುವಂಥದು.

ಕಾನೂನು ಈ ಸೂಕ್ಷ್ಮವನ್ನು ಅಷ್ಟಾಗಿ ಒಪ್ಪುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ವಾಹನಕ್ಕೆ ವಿಂಟೇಜ್ ಎಂಬ ಮನ್ನಣೆ ದೊರೆಯುತ್ತದೆ. ಚೌಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಕೂಡದು. ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ದಿನನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ. ಹೀಗಾಗಿ ತಿದ್ದಿದ ಪಂದ್ಯದ ಗಾಡಿಗೆ ಈ ಮನ್ನಣೆ ಸಿಗುವುದು ಕಷ್ಟ. ಅದರ ಒಡೆಯರು ಒಂದು ನಿರ್ಧಾರಕ್ಕೆ ಬರಲೇಬೇಕು. ರಸ್ತೆಗೆ ಇಳಿಸುವುದಾದರೆ ಕಾಗದಪತ್ರ ಕ್ರಮವಾಗಿರಬೇಕು; ಇಲ್ಲವಾದರೆ ತೋಟದ ಒಳಗಿನ ಸ್ವಂತ ನೆಲದಲ್ಲಿಯೇ ಓಡಿಸಿ ತೃಪ್ತರಾಗಬೇಕು. ಅಲ್ಲಿಯೂ ಸಂಯಮ ಬೇಕು. ಬಿಸಿಲೆಯ ಕಾಡಿನ ಅಂಚಿನಲ್ಲಿ, ಆನೆಗಳು ಓಡಾಡುವ ಆಲೂರು ಸಕಲೇಶಪುರದ ತೋಟಗಳಲ್ಲಿ, ಸೈಲೆನ್ಸರಿಲ್ಲದ ಎಂಜಿನ್ನನ್ನು ಮೊರೆಯಿಸುವುದು ನಮಗೂ ಅವಕ್ಕೂ ಕ್ಷೇಮವಲ್ಲ.

ಒಂದು ಸಲಹೆಯನ್ನು ಹೇಳಿ ಮುಗಿಸುತ್ತೇನೆ. ಇಂತಹ ಕೆಲಸಕ್ಕೆ ಕೈಹಾಕುವವರು ಒಂದು ನೋಟುಪುಸ್ತಕವನ್ನು ಇಟ್ಟುಕೊಳ್ಳಲಿ. ಬಿಚ್ಚುವ ಮೊದಲು ಕಂಡದ್ದೇನು, ಯಾವ ಭಾಗ ಮೂಲದ್ದು, ಯಾವುದು ಯಾವ ಊರಿನ ಯಾವ ಅಂಗಡಿಯಿಂದ ಬಂತು, ಯಾವುದನ್ನು ಕಡೆಸಿದ್ದು, ಏಕೆ ಎಂಬುದನ್ನೆಲ್ಲ ಬರೆದಿಡಲಿ. ಮೈಸೂರಿನ ಕಾರ್ಖಾನೆಯ ಕಾಲದಲ್ಲಿ ಈ ವಿದ್ಯೆಯನ್ನು ಕಲಿತವರು ಈಗ ಮುದುಕರು. ಕಿವಿಯಿಂದಲೇ ಪಾಯಿಂಟಿನ ಅಂತರವನ್ನು ಹೇಳಬಲ್ಲ, ಬೆರಳಿನಿಂದಲೇ ಸಿಲಿಂಡರಿನ ಸವೆತವನ್ನು ಅಳೆಯಬಲ್ಲ ಅವರ ಜ್ಞಾನ ಯಾವ ಪುಸ್ತಕದಲ್ಲಿಯೂ ಇಲ್ಲ. ಕಳೆದ ಬಿಡಿಭಾಗವನ್ನು ಇವತ್ತಲ್ಲ ನಾಳೆ ಯಾವುದೋ ಗುಜರಿಯಲ್ಲಿ ಹುಡುಕಬಹುದು. ಅವರೊಂದಿಗೆ ಹೋದದ್ದನ್ನು ಹುಡುಕಲು ಅಂಗಡಿಯಿಲ್ಲ. ಗಾಡಿ ರಿಪೇರಿಯಾಗುತ್ತಿರುವಾಗ ಅವರ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಳ್ಳುವ ಒಬ್ಬ ಹುಡುಗನಿದ್ದರೆ, ಆ ಗಾಡಿಯ ಪಾಠ ಮುಂದಿನವರಿಗೆ ಶುದ್ಧವಾಗಿ ಉಳಿದೀತು.