ಕಂಕುಳಿನ ಗ್ರಂಥಿಯ ಸುತ್ತ ಒಂದು ದೊಡ್ಡ ಜಗಳ

ಸ್ತನ ಕ್ಯಾನ್ಸರ್ ಕಂಕುಳಿಗೆ ಹಬ್ಬಿದೆಯೇ? ಸುಮಾರು ನೂರು ವರ್ಷ ಇದಕ್ಕೆ ಖಚಿತ ಉತ್ತರ ಸಿಗುತ್ತಿದ್ದುದು ಕೊಯ್ದು ನೋಡಿದ ಮೇಲೆಯೇ. ಬಾಲ್ಟಿಮೋರ್‌ನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನ, ಅದರಡಿಯ ಸ್ನಾಯು, ಕಂಕುಳಿನ ದುಗ್ಧಗ್ರಂಥಿಗಳು ಎಲ್ಲವೂ ಒಟ್ಟಿಗೆ ಹೋಗುತ್ತಿದ್ದವು. ರೋಗ ಗ್ರಂಥಿಗಳನ್ನು ದಾಟಿಯೇ ಮೈಗೆ ಹರಡುತ್ತದೆ ಎಂಬುದು ಅವನ ದೃಢ ನಂಬಿಕೆ.

ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್ ಇದನ್ನು ಒಪ್ಪಲಿಲ್ಲ. ಗ್ರಂಥಿಯಲ್ಲಿ ಕಂಡ ರೋಗ ಬರೀ ಸೂಚನೆ, ಅದು ರಕ್ತದ ಮೂಲಕ ಆಗಲೇ ದೂರ ಹೋಗಿರಬಹುದು ಎಂದು ವಾದಿಸಿ, 1971ರಲ್ಲಿ ಗ್ರಂಥಿ ತೆಗೆದವರನ್ನೂ ತೆಗೆಯದೆ ಬಿಟ್ಟವರನ್ನೂ ಹೋಲಿಸುವ, 1,665 ಮಹಿಳೆಯರ ಪ್ರಯೋಗ ಶುರುಮಾಡಿದರು. ಹಿರಿಯ ಶಸ್ತ್ರವೈದ್ಯರು ಸಿಟ್ಟಾದರು. ಆದರೆ ಅಲ್ಲಿ ಸಿಕ್ಕ ಒಂದು ಲೆಕ್ಕ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಕೈಗೆ ಗ್ರಂಥಿ ಸಿಗದಿದ್ದರೂ ತೆಗೆದು ಪರೀಕ್ಷಿಸಿದವರಲ್ಲಿ ಶೇ 40ರಷ್ಟು ಮಂದಿಗೆ ಅದರಲ್ಲಿ ಕ್ಯಾನ್ಸರ್ ಇತ್ತು. ಗ್ರಂಥಿಗಳನ್ನು ಮುಟ್ಟದೆ ಬಿಟ್ಟವರಲ್ಲಿ ಮುಂದೆ ಕಂಕುಳಲ್ಲಿ ರೋಗ ಕಾಣಿಸಿಕೊಂಡಿದ್ದು ಶೇ 18ರಷ್ಟು ಮಂದಿಗೆ ಮಾತ್ರ! 2002ರಲ್ಲಿ ಪ್ರಕಟವಾದ 25 ವರ್ಷಗಳ ಫಲಿತಾಂಶದಲ್ಲೂ ಎರಡೂ ಗುಂಪಿನವರ ಬದುಕಿನ ಅವಧಿಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ.

ಈ ಜಗಳ ನಮ್ಮೂರಿಗೆ ಯಾಕೆ ಬೇಕು? ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಮನೆಗೆ ಹೋಗಿ ನೋಡಿ. ಬೇಯಿಸಿದ ಗೂಡು ತೇಲುವ ಬಿಸಿನೀರಿಗೆ ಕೈ ಅದ್ದಿ, ಎಳೆಯ ತುದಿ ಹುಡುಕಿ ಚರಕಕ್ಕೆ ಏರಿಸುವುದು ದಿನವಿಡೀ ಕೆಲಸ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದ ಮೇಲೆ ಕೆಲವರ ತೋಳು ಊದಿಕೊಳ್ಳುತ್ತದೆ, ಆ ಕೈಗೆ ಬಿಸಿ ತಾಗಬಾರದು, ಗಾಯವಾಗಬಾರದು. ರೀಲಿಂಗ್ ನಂಬಿದವಳಿಗೆ ಅಲ್ಲಿಗೆ ಅನ್ನದ ದಾರಿಯೇ ಮುಚ್ಚಿತು. ಬೇಡದ ಗ್ರಂಥಿಗಳನ್ನು ತೆಗೆಯದಂತೆ ಮೊದಲೇ ತಿಳಿಯುವ ಉಪಾಯ ಆಕೆಗೆ ಎಲ್ಲರಿಗಿಂತ ಹೆಚ್ಚು ಬೇಕು.

ಆ ಉಪಾಯ ತೊಂಬತ್ತರ ದಶಕದಲ್ಲಿ ಬಂತು. ಡೇವಿಡ್ ಕ್ರಾಗ್ 1993ರಲ್ಲಿ ವಿಕಿರಣ ದ್ರವದಿಂದ, ಅರ್ಮಾಂಡೊ ಗಿಯುಲಿಯಾನೊ 1994ರಲ್ಲಿ ನೀಲಿ ಬಣ್ಣದಿಂದ, ಗಡ್ಡೆಯಿಂದ ಹೊರಟ ದುಗ್ಧರಸ ಮೊದಲು ತಲುಪುವ ಗ್ರಂಥಿಯನ್ನು ಪತ್ತೆಹಚ್ಚಿದರು. ಅದು ಶುಭ್ರವಾಗಿದ್ದರೆ ಉಳಿದವನ್ನು ಕೈಬಿಡಬಹುದು. ನಮ್ಮಲ್ಲಿ ಅಗ್ಗದ ಮೆಥಿಲೀನ್ ಬ್ಲೂ ಸಾಕಾಗುತ್ತದೆ. ಗಡ್ಡೆಯ ಅಳತೆ, ದರ್ಜೆಗಳಿಂದ ರೋಗ ಗ್ರಂಥಿಗೆ ಹಬ್ಬಿರುವ ಸಾಧ್ಯತೆಯನ್ನು ಅಂದಾಜಿಸುವ ಕೋಷ್ಟಕಗಳೂ ಬಂದವು. 2023ರಲ್ಲಿ ಇಟಲಿಯ ವೈದ್ಯರ ನೇತೃತ್ವದ ಅಧ್ಯಯನವೊಂದು, ಗಡ್ಡೆ ಎರಡು ಸೆಂಟಿಮೀಟರ್ ಒಳಗಿದ್ದು ಕಂಕುಳಿನ ಅಲ್ಟ್ರಾಸೌಂಡ್ ಸರಿಯಿದ್ದರೆ ಗ್ರಂಥಿ ಶಸ್ತ್ರಚಿಕಿತ್ಸೆಯನ್ನೇ ಬಿಡಬಹುದು ಎಂದಿತು.

ನನಗೆ ಸಂಕಟವಾಗುವುದು ಆ ಎರಡು ಸೆಂಟಿಮೀಟರ್ ನೋಡಿ. ಚಿಂತಾಮಣಿಯಿಂದಲೋ ಗೌರಿಬಿದನೂರಿನಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಸ್ಸು ಹತ್ತುವ ಹೊತ್ತಿಗೆ ಎಷ್ಟೋ ಮಹಿಳೆಯರ ಗಡ್ಡೆ ಆ ಅಳತೆ ದಾಟಿರುತ್ತದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ತಂಡ 1998ರಿಂದ ಒಂದೂವರೆ ಲಕ್ಷ ಮಹಿಳೆಯರಲ್ಲಿ ನಡೆಸಿದ ಅಧ್ಯಯನ ಇದಕ್ಕೊಂದು ಪರಿಹಾರ ತೋರಿಸಿದೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷಿಸಿದಾಗ ರೋಗ ಇನ್ನೂ ಬೇಗ ಪತ್ತೆಯಾಯಿತು. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾವು ಶೇ 30ರಷ್ಟು ಇಳಿಯಿತು. ಯಂತ್ರ ಬೇಕಿಲ್ಲ, ಕಲಿತ ಕೈ ಬೇಕು. ಅಂಥವರನ್ನು ನಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಯಾರು ಮಾಡಬಹುದು.